ಒಡೆಯದೇ ಸರಿಮಾಡಿದ ಬಚ್ಚಲು

ಏಪ್ರಿಲ್ ಮೊದಲ ವಾರ. ಆಯಿ, ಅಂದರೆ ನನ್ನ ಅಮ್ಮ, ಬಚ್ಚಲಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. "ಕಾಲಿಟ್ಟ ಕೂಡ್ಲೆ ಜಾರ್ತು ಕೂಸೆ" ಅಂದಳು. ಬಿದ್ದಿರಲಿಲ್ಲ. ಆದರೆ ಚೌಕಟ್ಟನ್ನು ಹಿಡಿದಿದ್ದ ಆ ಬೆರಳುಗಳನ್ನು ನೋಡಿ ನನಗೆ ಭಯವಾಯಿತು. ಆಯಿಗೆ ಈಗ 74 ವರ್ಷ.

ನಮ್ಮ ಮನೆ ಕುಮಟಾದಿಂದ ಗೋಕರ್ಣದ ಕಡೆ ಹೋಗುವ ದಾರಿಯಲ್ಲಿದೆ. ಸಮುದ್ರ ಹತ್ತಿರ. ಮನೆಯೊಳಗಿನ ಈ ಬಚ್ಚಲನ್ನು ಅಪ್ಪ 2004ರಲ್ಲಿ ಕಟ್ಟಿಸಿದ್ದು. ಅಪ್ಪ ಈಗಿಲ್ಲ. ಬಿಳಿ ಟೈಲುಗಳ ಸಂದಿನಲ್ಲೆಲ್ಲ ಕಪ್ಪು ಗೆರೆ. ನಲ್ಲಿಯ ಕೆಳಗೆ ಕೆಂಪು ಕಲೆ. ಒಂದು ಮೂಲೆಯಲ್ಲಿ ಯಾವಾಗ ನೋಡಿದರೂ ನೀರು. ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಎದ್ದು ಪುಡಿ ಉದುರುತ್ತಿತ್ತು.

ಕೆಲಸದವರೊಬ್ಬರನ್ನು ಕರೆಸಿದೆ. ಅವರು ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿದರು. ಎಲ್ಲ ಒಡೆಯಬೇಕು ಅಂದರು. ಟೈಲ್, ಪೈಪು, ಕಮೋಡು ಎಲ್ಲ ಹೊಸದು. ಒಂದೂವರೆ ಲಕ್ಷದ ಮೇಲೆ ಖರ್ಚು, ಮೂರು ವಾರ ಕೆಲಸ. ಮೂರು ವಾರ ಆಯಿ ಎಲ್ಲಿಗೆ ಹೋಗಬೇಕು? ರಾತ್ರಿ ಎರಡು ಸಲ ಏಳುವವಳು ಅವಳು. ಕೆಲಸ ಮಳೆಗಾಲಕ್ಕೆ ಸಿಕ್ಕಿಕೊಂಡರೆ ಮೂರು ವಾರ ಮೂರು ತಿಂಗಳಾಗುವುದೂ ನಮ್ಮ ಕಡೆ ಹೊಸದಲ್ಲ.

ಹಾಗಾಗಿ ಒಡೆಯದೇ ಎಷ್ಟಾಗುತ್ತದೋ ಅಷ್ಟು ನಾನೇ ಮಾಡುವುದು ಎಂದು ನಿಶ್ಚಯಿಸಿದೆ. ಆದರೆ ಮೊದಲ ಒಂದು ವಾರ ಏನನ್ನೂ ಮುಟ್ಟಲಿಲ್ಲ. ಬರೀ ನೀರನ್ನು ನೋಡಿದೆ.

ನಮ್ಮ ಹಳೇ ಮನೆಯ ಬಚ್ಚಲು ನೆನಪಾಗಿದ್ದು ಆ ವಾರದಲ್ಲೇ. ಅದು ಹಿತ್ತಿಲ ಕಡೆ, ಮನೆಗೆ ಅಂಟಿಕೊಂಡ ಒಂದು ಮಾಡಿನ ಕೆಳಗೆ ಇತ್ತು. ಚಿರೇಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮೇಲೆ ಹಂಚು. ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ. ಬೆಳಗಿನ ಜಾವ ಅಪ್ಪ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಟೆ ತುಂಬಿ ಉರಿ ಹಾಕುತ್ತಿದ್ದ. ಆ ಬಚ್ಚಲಿನಲ್ಲಿ ಹತ್ತು ಜನ ಸ್ನಾನ ಮಾಡುತ್ತಿದ್ದರು. ಆದರೂ ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ನೆಲ ಒಣಗಿರುತ್ತಿತ್ತು. ಒಲೆಯ ಕಾವು ಇಡೀ ದಿನ ಇರುತ್ತಿತ್ತು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ನೀರು ಒಂದು ತೂತಿನಿಂದ ಹೊರಗೆ ಹೋಗಿ ಸೀದಾ ಬಾಳೆಯ ಬುಡ ಸೇರುತ್ತಿತ್ತು. ಅಲ್ಲಿ ಟೈಲೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಗೋಡೆ ಮಸಿ ಹಿಡಿದು ಕಪ್ಪಾಗಿತ್ತು, ಆದರೆ ಬೂಸ್ಟು ಹಿಡಿದದ್ದನ್ನು ನಾನು ನೋಡಿದ ನೆನಪಿಲ್ಲ.

ಆಮೇಲೆ ನಾವು ಬಚ್ಚಲನ್ನು ಮನೆಯೊಳಗೆ ತಂದೆವು. ಒಲೆ ಹೋಯಿತು, ಕಾವು ಹೋಯಿತು. ಗಾಳಿಗೆ ಒಂದು ಸಣ್ಣ ಕಿಂಡಿ ಉಳಿಯಿತು, ಸೊಳ್ಳೆ ಬರುತ್ತದೆ ಎಂದು ಅದರ ಗಾಜನ್ನೂ ಮುಚ್ಚಿದೆವು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿಯಲ್ಲಿ ಒಣಗಲು ದಾರಿಯೇ ಇಲ್ಲದ ಕೋಣೆ ಕಟ್ಟಿ, ಆಮೇಲೆ ಟೈಲನ್ನು ಬೈಯುತ್ತಿದ್ದೇವೆ. ನಮ್ಮ ಬಚ್ಚಲಿಗೆ ವಯಸ್ಸಾದದ್ದು ದೊಡ್ಡ ತೊಂದರೆಯಲ್ಲ. ಅದು ಇಪ್ಪತ್ತು ವರ್ಷದಿಂದ ಒಣಗಿಲ್ಲ, ಅದೇ ತೊಂದರೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಳಗಿಳಿಯುತ್ತದೆ, ಗಾಳಿ ಎಲ್ಲಿಂದ ಬರಬೇಕು, ಈ ಮೂರನ್ನು ಸರಿಮಾಡುವ ತನಕ ಬಣ್ಣಕ್ಕೆ ಕೈಹಾಕಬಾರದು ಎಂದುಕೊಂಡೆ.

ಮೊದಲು ಪಕ್ಕದ ಕೋಣೆಯ ಗೋಡೆಯಲ್ಲಿ ಒದ್ದೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ದಿನಾಂಕ ಬರೆದೆ. ಕೆಳಗೆ ನೆಲದ ಹತ್ತಿರ ಒಂದು ಒದ್ದೆ ಇತ್ತು, ಮೇಲೆ ಕಿಟಕಿಯ ಪಕ್ಕ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗೆರೆ.

ಆಮೇಲೆ ಟಾಕಿಯ ಪರೀಕ್ಷೆ. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಮೇಲಿನ ಟಾಕಿಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆ ಮೂರು ಬೆರಳು ಇಳಿದಿತ್ತು. ಪೈಪೇ ಒಡೆದಿದೆ ಎಂದು ಎದೆ ಧಸಕ್ಕೆಂದಿತು. ಗೋಡೆಯೊಳಗಿನ ಪೈಪು ಸೋರುತ್ತಿದ್ದರೆ ನಾವು ಹೊರಗಿನಿಂದ ಏನು ಮಾಡಿದರೂ ಪ್ರಯೋಜನವಿಲ್ಲ, ಅಲ್ಲಿ ಒಡೆಯಲೇಬೇಕು. ಆದರೆ ಅದಕ್ಕೂ ಮೊದಲು ಫ್ಲಶ್ ಟಾಕಿ ನೋಡಬೇಕು ಎಂದು ಪರಿಚಯದ ಪ್ಲಂಬರ್ ಅಣ್ಣ ಹೇಳಿದ. ಫ್ಲಶ್ ಟಾಕಿಯ ಮುಚ್ಚಳ ತೆಗೆದು, ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿದೆ. ಫ್ಲಶ್ ಒತ್ತಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಕಮೋಡಿನ ನೀರು ಕೇಸರಿಯಾಯಿತು. ಒಳಗಿನ ರಬ್ಬರ್ ಸವೆದು ಹಗಲೂ ರಾತ್ರಿ ಸದ್ದಿಲ್ಲದೆ ನೀರು ಹೋಗುತ್ತಿತ್ತು. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ಊರಿನಲ್ಲಿ ಎಷ್ಟು ವರ್ಷದಿಂದ ಹೀಗೆ ಹೋಗುತ್ತಿತ್ತೋ! ರಬ್ಬರ್ ಬದಲಿಸಿದ ರಾತ್ರಿ ಟಾಕಿಯ ನೀರು ಗುರುತಿನಿಂದ ಕೆಳಗಿಳಿಯಲಿಲ್ಲ. ಪೈಪು ಗಟ್ಟಿಯಾಗಿತ್ತು. ಇಡೀ ಬಚ್ಚಲು ಒಡೆಯಬೇಕು ಎಂಬ ಮಾತಿಗೆ ಇದ್ದ ದೊಡ್ಡ ಕಾರಣ ಅಲ್ಲಿಗೆ ಹೋಯಿತು.

ಮೂರನೆಯದು ನೆಲ. ಮರಳು ತುಂಬಿದ ಬಟ್ಟೆಯ ಗಂಟನ್ನು ನೀರು ಹೊರಹೋಗುವ ಜಾಲಿಯ ಬಾಯಿಗೆ ಒತ್ತಿ, ಒಂದು ಇಂಚು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಆಯಿ ಆ ದಿನ ಪಕ್ಕದ ಅತ್ತೆಯ ಮನೆಗೆ ಹೋಗಿದ್ದಳು. ಮರುದಿನ ಪಕ್ಕದ ಕೋಣೆಯಲ್ಲಿ ಕೆಳಗಿನ ಪೆನ್ಸಿಲ್ ಗೆರೆ ದಾಟಿ ಒದ್ದೆ ಹರಡಿತ್ತು. ಮೇಲಿನ ಗೆರೆ ಹಾಗೇ ಇತ್ತು. ಅಂದರೆ ಕೆಳಗಿನ ಒದ್ದೆಗೆ ಕಾರಣ ಟೈಲಿನ ಸಂದುಗಳು, ಗೋಡೆ ನೆಲ ಸೇರುವ ಮೂಲೆ. ಮೇಲಿನದು ಬೇರೆಯೇ ಕತೆ.

ಗಂಟು ತೆಗೆದಾಗ ನೀರು ಎತ್ತ ಹರಿಯುತ್ತದೆ ಎಂದೂ ನೋಡಿದೆ. ಒಂದು ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಬೇಕು. ನಮ್ಮ ನೆಲದಲ್ಲಿ ಅದು ಇತ್ತು, ಒಂದು ಮೂಲೆಯಲ್ಲಿ ಮಾತ್ರ ಎರಡು ಟೈಲು ತಗ್ಗಾಗಿದ್ದವು.

ಈ ಹೊತ್ತಿಗೆ ಕಾರವಾರದಿಂದ ಅಣ್ಣ ಫೋನ್ ಮಾಡಿದ. ಅವನದು ಎರಡನೇ ಮಾಳಿಗೆಯ ಫ್ಲ್ಯಾಟು. ನಾನು ಮಾಡುತ್ತಿರುವುದನ್ನು ಕೇಳಿ ಅವನಿಗೂ ಉತ್ಸಾಹ ಬಂತು, ನೆಲದ ಟೈಲು ತಾನೇ ಕಿತ್ತು ಹಾಕುತ್ತೇನೆ ಅಂದ. ನಾನು ಬೇಡವೇ ಬೇಡ ಅಂದೆ. ನೆಲದ ಮನೆಯಲ್ಲಿ ತಪ್ಪಾದರೆ ನೀರು ನಮ್ಮ ಮಣ್ಣಿಗೆ ಇಳಿಯುತ್ತದೆ. ಫ್ಲ್ಯಾಟಿನಲ್ಲಿ ಟೈಲಿನ ಅಡಿಗೆ ವಾಟರ್‌ಪ್ರೂಫಿಂಗ್ ಪದರ ಇರುತ್ತದೆ. ಉಳಿ ಒಂದು ಸಲ ಅದಕ್ಕೆ ತಾಗಿದರೆ ಕೆಳಗಿನವರ ಸೂರು ಸೋರುತ್ತದೆ. ಸಂಘಕ್ಕೆ ತಿಳಿಸದೆ, ಕೆಳಗಿನ ಮನೆಯವರಿಗೆ ಹೇಳದೆ ಅಲ್ಲಿ ನೆಲ ಒಡೆಯುವುದು ನ್ಯಾಯವೂ ಅಲ್ಲ. ಗೋಡೆಯೊಳಗಿನ ಕೊಳವೆಗಳೂ ಕೆಲವು ಕಡೆ ಇಡೀ ಕಟ್ಟಡಕ್ಕೆ ಸೇರಿದವು. ಅವನು ಮಾಡಬಹುದಾದದ್ದು ಬೇಕಾದಷ್ಟಿತ್ತು: ನಲ್ಲಿ, ಮೂಲೆಗೆ ಹಾಕುವ ಸಿಲಿಕೋನ್ ಅಂಟು, ಟೈಲಿನ ಸಂದು ತುಂಬುವುದು, ಬಣ್ಣ, ಕನ್ನಡಿ. ಬಾಡಿಗೆ ಮನೆಯಲ್ಲಾದರೆ ಒಂದು ಮೊಳೆ ಹೊಡೆಯುವ ಮುಂಚೆಯೂ ಮಾಲೀಕರಿಂದ ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು. ವಾಟ್ಸ್ಯಾಪಿನಲ್ಲಿ ಒಂದು ಸಾಲು ಇದ್ದರೂ ಮುಂದೆ ಅಡ್ವಾನ್ಸ್ ವಾಪಸ್ ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಪಂಚಾಯಿತಿಯ ಪರವಾನಗಿ ಬೇಕಾ ಎಂದು ಆಯಿಯೇ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರಲ್ಲಿ ಬಣ್ಣ, ಸುಣ್ಣ, ಗಾರೆಯ ತೇಪೆ, ಟೈಲು ಬದಲಾಯಿಸುವುದು, ನೆಲ ಹೊಸದಾಗಿ ಹಾಕುವುದು, ಇಂಥವನ್ನು ಪರವಾನಗಿ ಬೇಡದ ಕೆಲಸಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅದು ಮಾದರಿ ಸಂಹಿತೆ ಅಷ್ಟೇ. ಊರಿನ ಪಂಚಾಯಿತಿ ಅಥವಾ ನಗರಸಭೆಯ ನಿಯಮವೇ ನಡೆಯುವುದು. ಬಚ್ಚಲನ್ನು ಹೊರಗೆ ಚಾಚಿ ದೊಡ್ಡದು ಮಾಡುವುದು, ಸೆಪ್ಟಿಕ್ ಟ್ಯಾಂಕ್ ಜಾಗ ಬದಲಿಸುವುದು, ಇದೆಲ್ಲ ಕೇಳದೇ ಮಾಡುವ ಕೆಲಸವಲ್ಲ.

ಕರೆಂಟಿನ ವಿಷಯದಲ್ಲಿ ನಿಯಮ ಇನ್ನೂ ಗಟ್ಟಿ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಅದೇ ತರಹದ್ದನ್ನು ನಾವು ಬದಲಿಸಬಹುದು. ಹೊಸ ಲೈನ್ ಎಳೆಯುವುದು, ಹೊಸ ಪಾಯಿಂಟ್ ಹಾಕುವುದು ಲೈಸೆನ್ಸ್ ಇರುವವರ ಕೆಲಸ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುವುದು ಇದನ್ನೇ. ನಾನು ಎಕ್ಸಾಸ್ಟ್ ಫ್ಯಾನಿಗೆ ಪಾಯಿಂಟ್ ಬೇಕೆಂದು ಎಲೆಕ್ಟ್ರಿಷಿಯನ್ ಅವರನ್ನು ಕರೆಸಿದ್ದೆ. ಅವರು ಬಂದವರೇ ಮೊದಲು ಗೀಸರಿನ ಪ್ಲಗ್ಗು ಬಿಚ್ಚಿ ನೋಡಿದರು. ಅರ್ಥಿಂಗ್ ವೈರ್ ಒಳಗೆ ಜೋಡಿಸಿಯೇ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ಆ ನೀರಿನಲ್ಲಿ ಮಿಂದಿದ್ದೇವೆ. ಅವತ್ತೇ ಅರ್ಥಿಂಗ್ ಸರಿಮಾಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತೆಯ ಸ್ವಿಚ್ಚು ಹಾಕಿಸಿದೆ. ಎಲ್ಲಾದರೂ ಕರೆಂಟ್ ಮೈಗೆ ಹರಿಯಲು ಶುರುವಾದರೆ ಕಣ್ಣು ಮಿಟುಕಿಸುವುದರೊಳಗೆ ಅದು ಲೈನ್ ಕಡಿಯುತ್ತದೆ. ಇದನ್ನು ಓದುತ್ತಿರುವವರು ಬೇರೆ ಏನನ್ನೂ ಮಾಡದಿದ್ದರೂ ಇದೊಂದನ್ನು ಮಾಡಿಸಿ, ದಯವಿಟ್ಟು.

ಗ್ಯಾಸ್ ಗೀಸರ್ ಇರುವವರಿಗೂ ಒಂದು ಮಾತು. ಅದನ್ನು ಬಚ್ಚಲಿನ ಒಳಗೆ ಇಡಬೇಡಿ, ಹೊರಗೆ ಗಾಳಿಯಲ್ಲಿ ಇರಲಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ.

ಇನ್ನು ಟೈಲಿನ ಸಂದು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಜಾಸ್ತಿ ಫಲ ಕೊಟ್ಟದ್ದೂ ಇದೇ.

ಸಂದಿನಲ್ಲಿ ಇದ್ದದ್ದು ಬಿಳಿ ಸಿಮೆಂಟು. ಸಿಮೆಂಟು ನೀರು ಕುಡಿಯುತ್ತದೆ. ಅದರ ಮೇಲೆ ನಾವು ವರ್ಷಗಟ್ಟಲೆ ಆ್ಯಸಿಡ್ ಸುರಿದಿದ್ದೇವೆ. ಆ್ಯಸಿಡ್ ಹಾಕಿದಾಗ ನೊರೆ ಬರುತ್ತದಲ್ಲ, ಕೊಳೆ ಹೋಗುತ್ತಿದೆ ಎಂದು ನಮಗೆ ಖುಷಿ. ನಿಜವಾಗಿ ನೊರೆಯಾಗುವುದು ಸಂದಿನ ಸಿಮೆಂಟೇ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕರಗಿ ತಗ್ಗಾಗುತ್ತದೆ. ಆ ತಗ್ಗಿನಲ್ಲಿ ಸೋಪಿನ ಜಿಡ್ಡು ಕೂತು ಮತ್ತೆ ಕಪ್ಪಾಗುತ್ತದೆ. ಮತ್ತೆ ಆ್ಯಸಿಡ್. ನಲ್ಲಿಯ ಹೊಳಪು ಹೋಗುವುದಕ್ಕೂ ಅದೇ ಕಾರಣ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಒಟ್ಟಿಗೆ ಹಾಕಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ. ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಿಕ್ಕುವವರಿಗೆ ಇದು ಗೊತ್ತಿರಲೇಬೇಕು. ನಮ್ಮ ಬಚ್ಚಲಿನ ನೀರು ಈಗಲೂ ಬಾಳೆಗೇ ಹೋಗುತ್ತದೆ. ಆ ಗಿಡಗಳ ಎಲೆ ಅಂಚು ಸುಟ್ಟಂತಾಗುತ್ತಿದ್ದುದೂ ಆ್ಯಸಿಡ್ಡಿಗೇ ಇರಬೇಕು ಎಂದು ಆಯಿಗೆ ಅನುಮಾನ. ಆ್ಯಸಿಡ್ ಬಾಟಲಿಯನ್ನು ಮನೆಗೆ ತರುವುದನ್ನೇ ನಿಲ್ಲಿಸಿದೆವು.

ಹಳೇ ಸಿಮೆಂಟನ್ನು ಕೆರೆದು ತೆಗೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಡಿಕೆ ಇರುವ ಒಂದು ಸಣ್ಣ ಗರಗಸ ಸಿಗುತ್ತದೆ. ನಾನು ಅದನ್ನೂ, ಮುರಿದ ಹ್ಯಾಕ್ಸಾ ಬ್ಲೇಡನ್ನೂ ಬಳಸಿದೆ. ಮೇಲಿನ ಕಪ್ಪನ್ನು ಮಾತ್ರ ತೆಗೆದು ಹೊಸದನ್ನು ಸವರಿದರೆ ಅದು ಎರಡೇ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಕಡೇಪಕ್ಷ 2-3 ಮಿಲಿಮೀಟರ್ ಆಳದವರೆಗೆ ಕೆರೆಯಬೇಕು. ಆರು ಅಡಿಗೆ ಐದು ಅಡಿಯ ನೆಲ, ಗೋಡೆಯ ಕೆಳಗಿನ ಮೂರು ಸಾಲು. ಇಷ್ಟಕ್ಕೆ ನಾಲ್ಕು ಭಾನುವಾರ ಬೇಕಾಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಮಂಡಿಯ ಕೆಳಗೆ ಹಳೇ ದಿಂಬು. ಆಯಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಲ್ಲೆಲ್ಲಿ ಬಿಟ್ಟುಹೋಗಿದೆ ಎಂದು ಕೋಲಿನಿಂದ ತೋರಿಸುತ್ತಿದ್ದಳು. ಅವಳ ಕಣ್ಣು ನನಗಿಂತ ಚುರುಕು.

ತುಂಬಲು ಎಪಾಕ್ಸಿ ಗ್ರೌಟ್ ತಂದೆ. ಸಿಮೆಂಟಿನ ಗ್ರೌಟಿಗಿಂತ ಬೆಲೆ ಜಾಸ್ತಿ. ಆದರೆ ಅದು ನೀರು ಕುಡಿಯುವುದಿಲ್ಲ, ನಮ್ಮ ಹವೆಗೆ ಅದೇ ಸರಿ. ರಾಳ, ಗಟ್ಟಿ ಮಾಡುವ ದ್ರವ, ಪುಡಿ ಎಂದು ಮೂರು ಪೊಟ್ಟಣ ಇರುತ್ತವೆ. ಕಲಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಗಟ್ಟಿಯಾಗಲು ಶುರು. ಸೆಕೆಯಲ್ಲಿ ಇನ್ನೂ ಬೇಗ. ಮೊದಲ ದಿನ ಒಂದೇ ಸಲಕ್ಕೆ ಜಾಸ್ತಿ ಕಲಸಿ ಅರ್ಧ ಡಬ್ಬ ಕಲ್ಲಾಯಿತು. ಆಮೇಲೆ ಒಂದು ಬಟ್ಟಲಿನಷ್ಟೇ ಕಲಸಿ, ಒಂದು ಚದರ ಮುಗಿಸಿ, ಟೈಲಿನ ಮೇಲೆ ಉಳಿದದ್ದನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಮುಂದಿನದಕ್ಕೆ ಹೋದೆ. ಒರೆಸುವುದನ್ನು ಮಾತ್ರ ಮರುದಿನಕ್ಕೆ ಇಡಬಾರದು. ಒಣಗಿದ ಎಪಾಕ್ಸಿ ಪೊರೆ ಟೈಲಿನಿಂದ ಬಿಡುವುದೇ ಇಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ತುರಿಕೆ ಬರುತ್ತದೆ. ಸಂದು ಪೂರ್ತಿ ಒಣಗಿರಬೇಕಾದ್ದರಿಂದ ಈ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಜೂನ್ ಬಂದ ಮೇಲೆ ನಮ್ಮಲ್ಲಿ ಯಾವುದೂ ಪೂರ್ತಿ ಒಣಗುವುದಿಲ್ಲ, ಬಟ್ಟೆಯೂ ಸಹ.

ತಗ್ಗಾಗಿದ್ದ ಎರಡು ಟೈಲುಗಳನ್ನು ಮಾತ್ರ ಮೇಸ್ತ್ರಿ ಬಂದು ಎಬ್ಬಿಸಿ, ಮಟ್ಟ ಮಾಡಿ ಕೂರಿಸಿಕೊಟ್ಟರು. ಅರ್ಧ ದಿನದ ಕೆಲಸ.

ಗೋಡೆ ನೆಲ ಸೇರುವ ಮೂಲೆಗೆ ಗ್ರೌಟ್ ಹಾಕಬಾರದು. ಗೋಡೆಯೂ ನೆಲವೂ ಬಿಸಿಲು ಮಳೆಗೆ ಕೂದಲೆಳೆಯಷ್ಟು ಅಲುಗುತ್ತಿರುತ್ತವೆ, ಗಟ್ಟಿ ವಸ್ತು ಅಲ್ಲಿ ಬಿರುಕು ಬಿಡುತ್ತದೆ. ಅಲ್ಲಿಗೆ, ಕಮೋಡಿನ ಬುಡಕ್ಕೆ, ಬೇಸಿನ್ ಗೋಡೆಗೆ ತಾಗುವ ಕಡೆಗೆ ಸಿಲಿಕೋನ್. ಬೂಸ್ಟು ಹಿಡಿಯದ, ಬಾತ್‌ರೂಮಿಗೆಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ. ವಿನೆಗರ್ ವಾಸನೆ ಬರುವ ಒಂದು ಬಗೆ ಇದೆ. ಅದು ಲೋಹವನ್ನೂ ಕನ್ನಡಿಯ ಹಿಂದಿನ ಲೇಪವನ್ನೂ ತಿನ್ನುತ್ತದೆ. ಕನ್ನಡಿ, ಮಾರ್ಬಲ್ ಇರುವಲ್ಲಿ ನ್ಯೂಟ್ರಲ್ ಎಂದು ಬರೆದಿರುವುದು ಬೇಕು. ಹಳೇ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲ, ಚೂರೂ ಬಿಡದೆ ಕಿತ್ತು ಒಣಗಿಸಿಯೇ ಹಾಕಬೇಕು. ಎರಡೂ ಬದಿಗೆ ಟೇಪ್ ಅಂಟಿಸಿ, ನಡುವೆ ಸಿಲಿಕೋನ್ ಎಳೆದು, ಸೋಪುನೀರು ಮುಟ್ಟಿಸಿದ ಬೆರಳಿನಿಂದ ಒಂದೇ ಸಲ ಸವರಿ, ಒಣಗುವ ಮೊದಲೇ ಟೇಪ್ ಕೀಳಬೇಕು. ಕಮೋಡಿನ ಹಿಂಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟೆ. ಒಳಗೆಲ್ಲಾದರೂ ಸೋರಿದರೆ ಆ ಸಂದಿನಿಂದ ಹೊರಬಂದು ಗೊತ್ತಾಗಲಿ ಎಂದು. ಆಮೇಲೆ 24 ಗಂಟೆ ನೀರು ಸೋಕಬಾರದು. ಆಯಿ ಮತ್ತೆ ಅತ್ತೆಯ ಮನೆಗೆ.

ಕೆಂಪು ಕಲೆಯ ಮೂಲ ನಮ್ಮ ಬಾವಿ. ಕೆಂಪುಕಲ್ಲಿನ ನೆಲ, ನೀರಿನಲ್ಲಿ ಕಬ್ಬಿಣದ ಅಂಶ. ಅದಕ್ಕೆ ಆಯಿಯ ಔಷಧ ಬಿಂಬುಳಿ ಎಂಬ ಹುಳಿಕಾಯಿ. ಹಿತ್ತಿಲಲ್ಲಿ ಮರವಿದೆ, ಮೀನಿನ ಸಾರಿಗೆ ಕೇಳಿಕೊಂಡು ನೆರೆಯವರು ಬರುತ್ತಾರೆ. ಹಂಡೆ, ತಂಬಿಗೆ ತಿಕ್ಕಲು ನಾವು ಅದನ್ನೇ ಬಳಸುತ್ತಿದ್ದೆವು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ಪುಡಿಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಕಾಯನ್ನು ಜಜ್ಜಿ ಟೈಲಿನ ಮೇಲೆ ಹತ್ತು ನಿಮಿಷ ಇಟ್ಟು ತಿಕ್ಕಿದರೆ ಕಲೆ ಬಿಡುತ್ತದೆ. ಸಿಮೆಂಟಿನ ಸಂದಿಗೆ ಮಾತ್ರ ತಾಗಿಸಬೇಡಿ, ಹುಳಿ ಹುಳಿಯೇ.

ನಲ್ಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಾಕಿಯ ಗೇಟ್ ವಾಲ್ವ್ ಎಲ್ಲಿದೆ, ಅದು ನಿಜವಾಗಿ ನೀರು ನಿಲ್ಲಿಸುತ್ತದಾ ಎಂದು ಮೊದಲು ನೋಡಿಕೊಳ್ಳಿ. ಹಳೇ ನಲ್ಲಿ ಕೈಬಲಕ್ಕೆ ಬಿಚ್ಚಿಕೊಳ್ಳದಿದ್ದರೆ ಪಾನಾ ಹಾಕಿ ಜಗ್ಗಬೇಡಿ. ಗೋಡೆಯೊಳಗಿನ ಪ್ಲಾಸ್ಟಿಕ್ ಬೆಂಡು ತಿರುಚಿ ಒಡೆದರೆ ಆಗ ನಿಜವಾಗಿಯೂ ಗೋಡೆ ಒಡೆಯಬೇಕಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಹಾಕುವಾಗಲೇ ಬಿಚ್ಚಿಕೊಳ್ಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ಹೊಳೆಯುವ ಅಗ್ಗದ ನಲ್ಲಿ, ಟವೆಲ್ ರಾಡು ಎರಡು ವರ್ಷವೂ ಬರುವುದಿಲ್ಲ. ಸ್ಟೀಲ್ ಎಂದು ಮಾರುವುದರಲ್ಲಿ 202, 304, 316 ಎಂಬ ದರ್ಜೆಗಳಿವೆ. 202 ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂದು ಅಂಗಡಿಯಲ್ಲಿ ಹೇಳುವುದುಂಟು. 202ಕ್ಕೂ ಅದು ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆ ನಂಬಬೇಡಿ. ನಾನು ಬಕೆಟ್ ತುಂಬುವ ನಲ್ಲಿಗೆ ಪಿಟಿಎಂಟಿ ಪ್ಲಾಸ್ಟಿಕ್ಕನ್ನೇ ಹಾಕಿದೆ. ಚಂದ ಕಡಿಮೆ, ಆದರೆ ತುಕ್ಕಿನ ಮಾತೇ ಇಲ್ಲ.

ಎಲ್ಲಕ್ಕಿಂತ ಮುಖ್ಯ ಕೆಲಸ ಆಯಿಯ ಕಾಲಿನದು. ಸೋಪಿನ ಜಿಡ್ಡು ಹೋದ ಮೇಲೆ ಜಾರುವುದು ಅರ್ಧ ಕಡಿಮೆಯಾಯಿತು. ರಬ್ಬರ್ ಮ್ಯಾಟ್ ಬೇಡ ಎಂದು ನಾನೇ ಹೇಳಿದೆ. ಅದರ ಅಡಿಗೆ ಹಾವಸೆ ಕಟ್ಟುತ್ತದೆ, ದಿನಾ ಎತ್ತಿ ಒಣಗಿಸಲು ನಾವು ಮರೆಯುತ್ತೇವೆ. ಅದರ ಬದಲು ಬಾಗಿಲಿಂದ ಕಮೋಡಿನವರೆಗೆ ಮತ್ತು ಮೀಯುವ ಜಾಗದಲ್ಲಿ ದೊರಗು ಪಟ್ಟಿ ಅಂಟಿಸಿದೆ.

ಆಮೇಲೆ ಹಿಡಿಕೆ. ಗಾಳಿ ಒತ್ತಿ ಗೋಡೆಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಸಿಗುತ್ತವೆ. ಅವನ್ನು ಮುದುಕರಿರುವ ಮನೆಗೆ ತರಬೇಡಿ. ಬೀಳುವಾಗ ಮನುಷ್ಯ ತನ್ನ ಪೂರ್ತಿ ಭಾರವನ್ನು ಅದಕ್ಕೆ ಹಾಕುತ್ತಾನೆ. ಅದೇ ಹೊತ್ತಿಗೆ ಅದು ಕಳಚಿ ಬರುತ್ತದೆ. ಗೋಡೆಗೆ ಬೋಲ್ಟ್ ಹಾಕಿಯೇ ಕೂರಿಸಬೇಕು. ನಮ್ಮದು ಚಿರೇಕಲ್ಲಿನ ಗೋಡೆ. ಆ ಕಲ್ಲಿನೊಳಗೆಲ್ಲ ತೂತು, ಸಾದಾ ಪ್ಲಾಸ್ಟಿಕ್ ಗುಲ್ಲಿ ಹಿಡಿಯುವುದಿಲ್ಲ. ಇದನ್ನು ನಾನೇ ಮಾಡಲು ಹೋಗದೆ ಮೇಸ್ತ್ರಿಯವರನ್ನು ಕೇಳಿದೆ. ಟೈಲಿನ ಮೇಲೆ ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ನಿಧಾನ ಕೊರೆದರು. ನಲ್ಲಿಯ ನೇರಕ್ಕೆ, ಸ್ವಿಚ್ಚಿನ ನೇರಕ್ಕೆ ಕೊರೆಯಲಿಲ್ಲ, ಅಲ್ಲಿ ಒಳಗೆ ಪೈಪೋ ವೈರೋ ಇರುತ್ತದೆ. ತೂತಿನೊಳಗೆ ಜಾಲರಿಯ ಕೊಳವೆ ಇಟ್ಟು, ಅದರಲ್ಲಿ ಗಟ್ಟಿಯಾಗುವ ರಾಳ ತುಂಬಿ ಬೋಲ್ಟ್ ನಿಲ್ಲಿಸಿದರು. ಎತ್ತರಕ್ಕೆ ಪುಸ್ತಕದ ಲೆಕ್ಕ ನೆಲದಿಂದ 85 ಸೆಂಟಿಮೀಟರಿನ ಆಸುಪಾಸು. ನಾವು ಆಯಿಯನ್ನೇ ನಿಲ್ಲಿಸಿ, ಕೂರಿಸಿ, ಅವಳ ಕೈ ತಾನಾಗಿ ಎಲ್ಲಿ ಹೋಗುತ್ತದೆ ಎಂದು ನೋಡಿ ಗುರುತು ಹಾಕಿದೆವು. ಮರುದಿನ ನಾನೇ ಜೋತುಬಿದ್ದು ನೋಡಿದ ಮೇಲೆಯೇ ಅವಳಿಗೆ ಹಿಡಿಯಲು ಬಿಟ್ಟಿದ್ದು.

ಕೊನೆಗೆ ಗಾಳಿ. ಬಿಲ್ಡಿಂಗ್ ಕೋಡಿನ ಪ್ರಕಾರ ಬಚ್ಚಲಿಗೆ ಕಡೇಪಕ್ಷ 0.37 ಚದರ ಮೀಟರಿನಷ್ಟು ಕಿಂಡಿ ಬೇಕು, ಅಂದರೆ ಎರಡು ಅಡಿಗೆ ಎರಡು ಅಡಿ. ನಮ್ಮದು ಅದರ ಅರ್ಧವೂ ಇಲ್ಲ. ದೊಡ್ಡದು ಮಾಡಬೇಕೆಂದರೆ ಗೋಡೆ ಒಡೆಯಬೇಕು. ಹಾಗಾಗಿ ಗಾಜಿನ ಪಟ್ಟಿಗಳಲ್ಲಿ ಮೇಲಿನ ಎರಡನ್ನು ತೆಗೆದು ಆ ಜಾಗಕ್ಕೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು, ಉಳಿದದ್ದಕ್ಕೆ ಸೊಳ್ಳೆ ಜಾಲರಿ. ಫ್ಯಾನು ಗಾಳಿಯನ್ನು ಹೊರಗೆ ಹಾಕಬೇಕಾದರೆ ಒಳಗೆ ಗಾಳಿ ಬರಲು ದಾರಿ ಬೇಕು. ಬಡಗಿಯವರು ಬಾಗಿಲಿನ ಅಡಿಯಿಂದ ಮುಕ್ಕಾಲು ಇಂಚು ಕೊಯ್ದು ಕೊಟ್ಟರು. ಸ್ನಾನವಾದ ಮೇಲೆ ಅರ್ಧ ಗಂಟೆ ಫ್ಯಾನು ತಿರುಗುತ್ತದೆ. ನೆಲದ ನೀರನ್ನು ಆಯಿ ವೈಪರಿನಿಂದ ಎಳೆಯುತ್ತಾಳೆ. ನಾನು ಎಳೆಯುತ್ತೇನೆ ಎಂದರೂ ಕೇಳುವುದಿಲ್ಲ.

ಗೋಡೆಯ ಟೈಲಿಗೆ ಸ್ಟಿಕ್ಕರ್ ಹಚ್ಚುವ ಆಸೆ ಮಗಳಿಗಿತ್ತು. ಫೋಟೊದಲ್ಲಿ ಚಂದ ಕಾಣುತ್ತದೆ, ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಅದರ ಹಿಂದೆ ನೀರು ಕೂತರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ. ಬದಲಿಗೆ ಸೂರಿಗೆ ಬೂಸ್ಟು ತಡೆಯುವ ಬಣ್ಣ ಹೊಡೆಯುವ ಕೆಲಸ ಅವಳಿಗೆ ಕೊಟ್ಟೆ. ಬಣ್ಣವನ್ನು ಆರಿಸಿದ್ದೂ ಅವಳೇ, ತಿಳಿ ಹಸಿರು.

ಒಂದು ಸಣ್ಣ ವಿಷಯ, ಮಕ್ಕಳು ಬೆಂಗಳೂರಿನಲ್ಲಿದ್ದು ಊರಿನ ಮನೆ ಮುಚ್ಚಿರುವವರಿಗೆ. ಬಾಗಿಲು ತೆಗೆದ ಕೂಡಲೇ ಬಚ್ಚಲಿನಿಂದ ನಾತ ಬಂದರೆ ಹೆಚ್ಚಾಗಿ ಏನೂ ಒಡೆದಿರುವುದಿಲ್ಲ. ನೆಲದ ಟ್ರ್ಯಾಪಿನಲ್ಲಿ ಎರಡು ಇಂಚು ನೀರು ನಿಂತು ಗಟಾರದ ವಾಸನೆಯನ್ನು ತಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಆ ನೀರು ಆವಿಯಾಗಿರುತ್ತದೆ ಅಷ್ಟೇ. ಒಂದು ಬಕೆಟ್ ನೀರು ಹಾಕಿ. ಮನೆ ಮುಚ್ಚಿ ಹೋಗುವಾಗ ಅದರ ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.

ಒಟ್ಟು ಖರ್ಚು 23,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟಿನ ಕೆಲಸಕ್ಕೂ ಹಿಡಿಕೆಗೂ ಹೋಯಿತು.

ಮಿರಗದ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಸರಿಯಾದ ಹೊತ್ತಿಗೇ ಹಿಡಿಯಿತು. ಎಂಟು ದಿನ ಬಿಡದೇ ಸುರಿಯಿತು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು ಹತ್ತೂವರೆಯ ಹೊತ್ತಿಗೆ ಹೋಗಿ ನೆಲ ಮುಟ್ಟಿ ನೋಡಿದೆ. ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಕೆಳಗಿನ ಒದ್ದೆ ಪೆನ್ಸಿಲ್ ಗೆರೆಯಿಂದ ಒಂದು ಗೇಣು ಹಿಂದೆ ಸರಿದಿದೆ. ಮೇಲಿನದು ಮಾತ್ರ ಗೆರೆ ದಾಟಿ ಎರಡು ಬೆರಳು ಬೆಳೆದಿದೆ. ಅಂದರೆ ಆ ನೀರು ಬಚ್ಚಲಿನದಲ್ಲ. ಹೊರಗೋಡೆಯ ಗಾರೆಯಲ್ಲೋ, ಕಿಟಕಿಯ ಮೇಲಿನ ಸಜ್ಜಾದಲ್ಲೋ ಬಿರುಕು ಇರಬೇಕು. ಅದನ್ನು ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆಯೇ ನೋಡಲು ಸಾಧ್ಯ. ಅಲ್ಲಿಯವರೆಗೆ ಪ್ರತಿ ಭಾನುವಾರ ಒಂದು ಹೊಸ ಗೆರೆ ಎಳೆಯುತ್ತಿದ್ದೇನೆ. ಆಯಿ ಪಕ್ಕದಲ್ಲಿ ನಿಂತು, ದಿನಾಂಕ ಸರಿಯಾಗಿ ಬರೆದಿದ್ದೇನಾ ಎಂದು ನೋಡುತ್ತಾಳೆ.